ಕಲ್ಲು ನೆಲದ ಲೆಕ್ಕ



ಇವತ್ತಿನ ಮಾತು ಒಂದೇ ವಿಷಯದ ಮೇಲೆ. ಗುಡ್ಡದ ಬಗಲಲ್ಲಿ, ಕುರಿ ದನ ಮೇಯುವ ಜಾಗದಲ್ಲಿ ಹರಡಿಕೊಂಡಿರುವ ಕಲ್ಲು ನೆಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯವರಿಗೆ ಈ ನೆಲದ ಗುರುತು ಹೇಳಬೇಕಾಗಿಲ್ಲ. ಊರ ಹೊರಗೆ, ಮಸಾರಿ ಹೊಲ ಮುಗಿಯುವಲ್ಲಿ ಅದು ಶುರುವಾಗುತ್ತದೆ. ಕೆಲವರು ಮೊರಡಿ ಅನ್ನುತ್ತಾರೆ. ಕೆಲವರು ಗರಸು ನೆಲ, ದಿಣ್ಣೆ, ಕಾವಲು ಅನ್ನುತ್ತಾರೆ. ಪಹಣಿಯಲ್ಲಿ ಬಹಳ ಕಡೆ ಖರಾಬು ಎಂದೋ ಗೋಮಾಳ ಎಂದೋ ಬರೆದಿರುತ್ತದೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ಈ ನೆಲದ ಯೋಗ್ಯತೆಯನ್ನು ನಾವು ಮೇಲಿನಿಂದ ನೋಡಿ ತೀರ್ಮಾನಿಸುತ್ತಿದ್ದೇವೆ. ಒಂದಡಿ ಅಗೆದು ಅಳೆದು ನೋಡಿದರೆ ಅದೇ ನೆಲ ತನಗೇನು ಹಿಡಿಸುತ್ತದೆ, ಏನು ಹಿಡಿಸುವುದಿಲ್ಲ ಎಂದು ತಾನೇ ಹೇಳುತ್ತದೆ. ಅಳೆಯುವುದು ಹೇಗೆ, ಅಳೆದದ್ದಕ್ಕೆ ಮಣ್ಣುವಿಜ್ಞಾನದಲ್ಲಿ ಯಾವ ವರ್ಗ, ಆ ವರ್ಗ ತಿಳಿದರೆ ನಮಗೇನು ಲಾಭ, ಇವನ್ನು ಒಂದೊಂದಾಗಿ ನೋಡೋಣ.

ಮೊದಲು ಈ ಮಣ್ಣಿನ ಹುಟ್ಟು. ಕೂಡ್ಲಿಗಿಯಿಂದ ಗುಡೇಕೋಟೆಗೆ ಹೋಗುವ ದಾರಿಯನ್ನು ನೆನಪಿಗೆ ತಂದುಕೊಳ್ಳಿ. ಬಂಡೆಯ ಮೇಲೆ ಬಂಡೆ ಕೂತ ಗುಡ್ಡಗಳು. ಬಣ್ಣ ಬೂದು, ಅಲ್ಲಲ್ಲಿ ನಸುಗೆಂಪು. ಕೈಯಿಟ್ಟರೆ ಒರಟು, ಹರಳು ಹರಳು. ಇದು ಗ್ರಾನೈಟ್. ಭೂವಿಜ್ಞಾನಿಗಳು ಇಟ್ಟ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ಕ್ಲೋಸ್‌ಪೇಟೆ ಎಂದರೆ ಇಂದಿನ ರಾಮನಗರ. ಆ ಕಡೆಯಿಂದ ಬಂದ ಈ ಬಂಡೆಪಟ್ಟಿ ಪಾವಗಡ, ಮೊಳಕಾಲ್ಮೂರು, ಕೂಡ್ಲಿಗಿ ದಾಟಿ ಹಂಪಿಯ ಕಡೆಗೆ ಸಾಗುತ್ತದೆ. ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಪಡುವಣಕ್ಕೆ, ಹರಪನಹಳ್ಳಿಯ ಕಡೆ, ಇದಕ್ಕಿಂತ ಹಳೆಯ ನೈಸ್ ಶಿಲೆ ಹೆಚ್ಚು. ಅದರ ಮೈಮೇಲೆ ಬಿಳಿ ಕಪ್ಪು ಪಟ್ಟೆಗಳಿರುತ್ತವೆ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಬಳ್ಳಾರಿ ಜಿಲ್ಲೆಯ ಕಲ್ಲುಗಳ ಮೇಲೆ ಒಂದು ದೊಡ್ಡ ಗ್ರಂಥವನ್ನೇ ಬರೆದರು. ಅದು ಅಚ್ಚಾದದ್ದು 1895ರಲ್ಲಿ.

ಈ ಗ್ರಾನೈಟಿನೊಳಗೆ ಮುಖ್ಯವಾಗಿ ಮೂರು ಬಗೆಯ ಹರಳುಗಳಿವೆ. ಒಂದು ಫೆಲ್ಡ್‌ಸ್ಪಾರ್. ಮಳೆ ಬಿಸಿಲಿಗೆ ಅದು ನಿಧಾನವಾಗಿ ಕೊಳೆತು ಜೇಡಿಯಾಗುತ್ತದೆ. ಇನ್ನೊಂದು ಕಪ್ಪು ಕಾಗೆಬಂಗಾರ. ಅದರಲ್ಲಿರುವ ಕಬ್ಬಿಣ ತುಕ್ಕು ಹಿಡಿದು ಮಣ್ಣಿಗೆ ಕೆಂಪು ಕೊಡುತ್ತದೆ. ಮೂರನೆಯದು ಬೆಣಚು. ಅದು ಕೊಳೆಯುವುದಿಲ್ಲ. ನಿಮ್ಮ ಹೊಲದ ಗರಸು, ಕಾಲಿಗೆ ಚುಚ್ಚುವ ಬಿಳಿ ಹರಳು, ಎಲ್ಲ ಅದೇ. ಅಂದರೆ ಮಣ್ಣು ಮತ್ತು ಕಲ್ಲು ಎರಡೂ ಒಂದೇ ಬಂಡೆಯ ಮಕ್ಕಳು.

ಇಳಿಜಾರಿನಲ್ಲಿ ಇವೆರಡರ ದಾರಿ ಬೇರೆಯಾಗುತ್ತದೆ. ಮಳೆ ಬಂದಾಗ ಜೇಡಿ, ನುಣ್ಣನೆಯ ಮಣ್ಣು ನೀರಿನ ಜೊತೆ ಕೆಳಗೆ ಹೋಗುತ್ತದೆ. ಕಲ್ಲು ಇದ್ದಲ್ಲೇ ಉಳಿಯುತ್ತದೆ. ಆದ್ದರಿಂದಲೇ ನೆತ್ತಿಯಲ್ಲಿ ಬರೀ ಬಂಡೆ, ಬಗಲಲ್ಲಿ ಕಲ್ಲು ನೆಲ, ಅದರ ಕೆಳಗೆ ಮಸಾರಿ, ಹಳ್ಳದ ಹತ್ತಿರ ಕಪ್ಪನೆಯ ಮಣ್ಣು, ಕೆಲವೆಡೆ ಸವಳು. ಪೂರ್ವ ಆಫ್ರಿಕಾದಲ್ಲಿ ಕೆಲಸ ಮಾಡಿದ ಜೆಫ್ರಿ ಮಿಲ್ನ್ 1935ರಲ್ಲಿ ಗುಡ್ಡದಿಂದ ತಗ್ಗಿನವರೆಗಿನ ಮಣ್ಣುಗಳನ್ನು ಒಂದೇ ಸರಪಳಿಯ ಕೊಂಡಿಗಳೆಂದು ನೋಡಬೇಕು ಎಂದರು. ನಮ್ಮ ಸೀಮೆಗೆ ಈ ಮಾತು ತೀರ ಸರಿ. ಕೆರೆಯಿಂದ ಗೋಡು ತೆಗೆದು ಹೊಲಕ್ಕೆ ಹೊಡೆಯುತ್ತೀರಲ್ಲ, ಅದರಲ್ಲಿ ಬಹುಪಾಲು ಹಿಂದೆ ಈ ಗುಡ್ಡದ ಬಗಲಲ್ಲಿ, ಅದರ ಕೆಳಗಿನ ಹೊಲಗಳಲ್ಲಿ ಇದ್ದ ಮಣ್ಣು. ಹೊಲದಲ್ಲಿ ಕಲ್ಲು ಹುಟ್ಟುತ್ತವೆ ಎಂದು ಹಿರಿಯರು ಹೇಳುವುದನ್ನು ಕೇಳಿದ್ದೀರಿ. ಪ್ರತಿ ವರ್ಷ ಆರಿಸಿದರೂ ಮತ್ತೆ ಕಲ್ಲು ಮೇಲೆ ಬರುತ್ತದೆ. ಮೇಲಿನ ಮಣ್ಣು ಕೊಚ್ಚಿಹೋಗುವುದು ಅದಕ್ಕೆ ಒಂದು ಕಾರಣ. ಕೆಳಗಿನ ಕಲ್ಲನ್ನು ರಂಟೆ ಎತ್ತಿ ಹಾಕುವುದು ಇನ್ನೊಂದು ಕಾರಣ.

ಇಷ್ಟು ಹುಟ್ಟಿನ ಮಾತಾಯಿತು. ಬಂಡೆ ಕೊಳೆತು ಮಣ್ಣಾಯಿತು, ನುಣುಪು ಕೆಳಗಿಳಿಯಿತು, ಕಲ್ಲು ಮೇಲುಳಿಯಿತು. ಈಗ ಅಳತೆಗೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಹತ್ತಿರ ಕರೆಯಿರಿ. ಅವರ ಕೈಲೇ ಮಾಡಿಸಬಹುದು.

ಕಲ್ಲು ನೆಲದಲ್ಲಿ ಒಂದು ಜಾಗ ಗುರುತು ಮಾಡಿ. ಒಂದಡಿ ಉದ್ದ, ಒಂದಡಿ ಅಗಲ, ಅರ್ಧ ಅಡಿ ಆಳದ ಗುಂಡಿ ತೋಡಿ. ತೆಗೆದ ಮಣ್ಣು ಕಲ್ಲು ಒಂದಿಷ್ಟೂ ಚೆಲ್ಲದಂತೆ ಗೋಣಿತಟ್ಟಿನ ಮೇಲೆ ಹಾಕಿ. ಗುಂಡಿಯೊಳಗೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಹಾಸಿ ಅಂಚಿನವರೆಗೆ ನೀರು ತುಂಬಿಸಿ. ಎಷ್ಟು ಲೀಟರ್ ಹಿಡಿಯಿತು ಎಂದು ಬರೆದುಕೊಳ್ಳಿ. ಗುಂಡಿ ಸರಿಯಾಗಿ ತೋಡಿದ್ದರೆ ಸುಮಾರು 14 ಲೀಟರ್ ಹಿಡಿಯುತ್ತದೆ. ಇನ್ನು ಆ ಮಣ್ಣನ್ನು ಜರಡಿ ಹಿಡಿಯಿರಿ. ಜರಡಿಯ ಕಣ್ಣು 2 ಮಿಲಿಮೀಟರ್ ಇರಲಿ. ಕೆಳಗೆ ಬಿದ್ದದ್ದು ಮಣ್ಣು. ಮೇಲೆ ನಿಂತದ್ದು ಕಲ್ಲು. ಮಣ್ಣುವಿಜ್ಞಾನದಲ್ಲಿ ಪ್ರಪಂಚದ ಬಹುತೇಕ ಕಡೆ ಗೆರೆ ಎಳೆದಿರುವುದು ಇಲ್ಲೇ, 2 ಮಿಲಿಮೀಟರಿಗೆ.

ಮುಂದಿನದು ಕಲ್ಲಿನ ಅಳತೆ. ಒಂದು ಬಕೆಟ್ಟಿಗೆ ಅಂಚು ಮುಟ್ಟ ನೀರು ತುಂಬಿಸಿ ನೀರು ಸೋರದ ಅಗಲ ಬೋಗುಣಿಯೊಂದರಲ್ಲಿ ಇಡಿ. ಕಲ್ಲುಗಳನ್ನು ಮೆಲ್ಲಗೆ ಬಕೆಟ್ಟಿನೊಳಗೆ ಬಿಡಿ. ಹೊರಗೆ ಚೆಲ್ಲಿದ ನೀರೇ ಕಲ್ಲಿನ ಗಾತ್ರ. ಗುಂಡಿ ಹಿಡಿದದ್ದು 14 ಲೀಟರ್, ಕಲ್ಲು ಚೆಲ್ಲಿಸಿದ್ದು 2 ಲೀಟರ್ ಇದ್ದರೆ ನೂರಕ್ಕೆ ಸುಮಾರು 15 ಪಾಲು ಕಲ್ಲು. ಅದು ಗರಸು ಮಿಶ್ರ ಮಣ್ಣು. ಶೇಂಗಾ ಬೆಳೆಯುವ ಎಷ್ಟೋ ಹೊಲಗಳಲ್ಲಿ ಇಷ್ಟು ಕಲ್ಲು ಇರುತ್ತದೆ. 5 ಲೀಟರ್ ಚೆಲ್ಲಿದರೆ ನೂರಕ್ಕೆ 35 ಪಾಲು ಮುಟ್ಟಿದಂತೆ. ಈ 35 ಎಂಬ ಅಂಕಿಯನ್ನು ನೆನಪಿಡಿ. ಅದನ್ನು ದಾಟಿದ ಮಣ್ಣನ್ನು ಅಸ್ಥಿಪಂಜರ ವರ್ಗಕ್ಕೆ ಸೇರಿಸುತ್ತಾರೆ. ಅಂಥ ಮಣ್ಣಿನ ನಡವಳಿಕೆಯೇ ಬೇರೆ.

ಕಲ್ಲಿನ ಗಾತ್ರಕ್ಕೂ ಲೆಕ್ಕವಿದೆ. 2 ಮಿಲಿಮೀಟರಿನಿಂದ ಮುಷ್ಟಿಯಷ್ಟು, ಅಂದರೆ ಸುಮಾರು ಏಳೂವರೆ ಸೆಂಟಿಮೀಟರಿನವರೆಗೆ ಗರಸು. ಅಲ್ಲಿಂದ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, 25 ಸೆಂಟಿಮೀಟರಿನವರೆಗೆ ಗುಂಡುಕಲ್ಲು. ಅದಕ್ಕೂ ದೊಡ್ಡದು, ಎರಡಡಿಯವರೆಗೆ ದಪ್ಪಕಲ್ಲು. ಎರಡಡಿ ದಾಟಿದ್ದು ಬಂಡೆ. ಕುಂಟೆ ಗರಸಿನ ಮೇಲೆ ಹರಿಯುತ್ತದೆ. ಗುಂಡುಕಲ್ಲಿಗೆ ತಗುಲಿದರೆ ಕುಳ ಮೊಂಡಾಗುತ್ತದೆ. ದಪ್ಪಕಲ್ಲು ಹೆಚ್ಚಿದ್ದರೆ ಯಾವ ಸಾಧನವೂ ನಡೆಯುವುದಿಲ್ಲ. ಆದ್ದರಿಂದ ಎಷ್ಟು ಕಲ್ಲು ಎಂಬುದರ ಜೊತೆಗೆ ಎಂಥ ಕಲ್ಲು ಎಂಬುದನ್ನೂ ಬರೆದಿಟ್ಟುಕೊಳ್ಳಬೇಕು.

ಈ ಅಳತೆ ಯಾಕೆ ಬೇಕು ಎನ್ನುವುದಕ್ಕೆ ಒಂದು ತೀರ ಹತ್ತಿರದ ಉದಾಹರಣೆ ಕೊಡುತ್ತೇನೆ. 2015ರಿಂದ ಮಣ್ಣು ಆರೋಗ್ಯ ಚೀಟಿ ಬಂದಿದೆ. ನಿಮ್ಮಲ್ಲಿ ಹಲವರ ಮನೆಯಲ್ಲಿ ಇದೆ. ಮಣ್ಣಿನ ಮಾದರಿ ತೆಗೆಯುವಾಗ ಕಲ್ಲು, ಬೇರು ಆರಿಸಿ ಬಿಸಾಡುತ್ತೀರಿ. ಪ್ರಯೋಗಾಲಯದಲ್ಲಿ ಅದನ್ನು ಮತ್ತೆ 2 ಮಿಲಿಮೀಟರ್ ಜರಡಿಗೆ ಹಾಕುತ್ತಾರೆ. ಪರೀಕ್ಷೆ ಆಗುವುದು ಜರಡಿಯಿಂದ ಕೆಳಗೆ ಬಿದ್ದ ಮಣ್ಣಿಗೆ ಮಾತ್ರ. ಆಮೇಲೆ ಎಕರೆಗೆ ಇಷ್ಟು ಕೆಜಿ ಎಂದು ಲೆಕ್ಕ ಹಾಕುವಾಗ ಉಳುಮೆಯ ಆಳದಲ್ಲಿ ಎಕರೆಗೆ ಸುಮಾರು 9 ಲಕ್ಷ ಕೆಜಿ ಮಣ್ಣಿದೆ ಎಂದು ಹಿಡಿಯುತ್ತಾರೆ. ಕಲ್ಲಿಲ್ಲದ ಎರೆ ಹೊಲಕ್ಕೆ ಇದು ಸರಿ. ನೂರಕ್ಕೆ 40 ಪಾಲು ಜಾಗ ಕಲ್ಲೇ ತುಂಬಿದ ಹೊಲದಲ್ಲಿ ಅಷ್ಟು ಮಣ್ಣು ಎಲ್ಲಿಂದ ಬರಬೇಕು? ಚೀಟಿಯಲ್ಲಿ ಪೊಟ್ಯಾಷ್ ಎಕರೆಗೆ 100 ಕೆಜಿ ಎಂದಿದ್ದರೆ ನಿಮ್ಮ ಬೆಳೆಯ ಬೇರಿಗೆ ಇರುವುದು ಸುಮಾರು 60 ಕೆಜಿ. ಪರೀಕ್ಷೆಯಲ್ಲಿ ತಪ್ಪಿಲ್ಲ. ಕಲ್ಲಿನ ಲೆಕ್ಕ ಅದರೊಳಗೆ ಸೇರಿಲ್ಲ, ಅಷ್ಟೇ. ಬಕೆಟ್ಟಿನ ಅಳತೆ ಮಾಡಿದವರು ಚೀಟಿಯ ಅಂಕಿಯನ್ನು ತಾವೇ ತಿದ್ದಿಕೊಳ್ಳಬಹುದು.

ಇಲ್ಲಿಯವರೆಗೆ ಎರಡು ಮಾತಾದವು. ಕಲ್ಲು ನೆಲದ ಹುಟ್ಟು ಒಂದು. ಕಲ್ಲಿನ ಪ್ರಮಾಣ ಅಳೆಯುವ ಬಗೆ ಇನ್ನೊಂದು. ಮೂರನೆಯದು ನೀರು. ಈ ಭಾಷಣದಲ್ಲಿ ನನಗೆ ಅತಿ ಮುಖ್ಯವೆನಿಸುವ ಭಾಗ ಇದು.

ನಮ್ಮ ಸೀಮೆಯ ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಸರಕಾರದ ಕೃಷಿ ನಕಾಶೆಯಲ್ಲಿ ನಾವು ಉತ್ತರ ಒಣ ವಲಯದವರು. ಮಳೆ ಮಳೆಯ ನಡುವೆ ಹದಿನೈದು ಇಪ್ಪತ್ತು ದಿನದ ಬಿಡುವು ಇಲ್ಲಿ ಮಾಮೂಲು. ಆ ಬಿಡುವಿನಲ್ಲಿ ಬೆಳೆ ಬದುಕುವುದು ಮಣ್ಣು ಹಿಡಿದಿಟ್ಟ ತೇವದಿಂದ. ನಮ್ಮ ಕೆಂಪು ಮರಳು ಮಿಶ್ರ ಮಣ್ಣು ಒಂದಡಿ ಆಳಕ್ಕೆ ಸುಮಾರು 30 ಮಿಲಿಮೀಟರ್ ಮಳೆಯಷ್ಟು ತೇವವನ್ನು ಗಿಡಕ್ಕಾಗಿ ಹಿಡಿದಿಡುತ್ತದೆ. ಅದರಲ್ಲಿ 40 ಪಾಲು ಕಲ್ಲಿದ್ದರೆ? ಅರೆಬರೆ ಕಲ್ಲು ತುಂಬಿದ ಕೊಡದಲ್ಲಿ ಎಷ್ಟು ನೀರು ಹಿಡಿದೀತೋ ಇದೂ ಹಾಗೆ. 30 ಇದ್ದದ್ದು 18ಕ್ಕೆ ಇಳಿಯುತ್ತದೆ. ಹೂವಿನ ಹಂತದ ಶೇಂಗಾ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಬೇಡುತ್ತದೆ. ಮೂರು ನಾಲ್ಕು ದಿನಕ್ಕೆ ತೇವ ಮುಗಿಯಿತು. ಮೂರಡಿ ಆಳದ ಎರೆ ಹೊಲ 150 ಮಿಲಿಮೀಟರಿನಷ್ಟು ಹಿಡಿದಿಟ್ಟು ಹಿಂಗಾರಿ ಜೋಳವನ್ನು ಮಳೆಯಿಲ್ಲದೆಯೂ ದಡ ಮುಟ್ಟಿಸಬಲ್ಲದು. ಗುಡ್ಡದ ಬಗಲಿನ ಕಲ್ಲು ನೆಲದಲ್ಲಿ ಉತ್ತು ಬಿತ್ತಿದ ಬೆಳೆ ಯಾಕೆ ಮೊದಲು ಬಾಡುತ್ತದೆ ಎಂಬುದಕ್ಕೆ ಕಾರಣ ಇದು.

ಇಷ್ಟಕ್ಕೇ ನಿಲ್ಲಿಸಿದರೆ ಕಲ್ಲು ನೆಲಕ್ಕೆ ಅನ್ಯಾಯ ಮಾಡಿದಂತೆ. ಇನ್ನೊಂದು ಮಗ್ಗುಲಿದೆ. ಹತ್ತು ಮಿಲಿಮೀಟರಿನ ಸಣ್ಣ ಮಳೆ ಬಿತ್ತು ಎಂದುಕೊಳ್ಳಿ. ಎರೆ ನೆಲದಲ್ಲಿ ಅದು ಮೇಲಿನ ಮೂರು ನಾಲ್ಕು ಬೆರಳು ಮಾತ್ರ ನೆನೆಸುತ್ತದೆ. ಮರುದಿನದ ಬಿಸಿಲಿಗೆ ಬಹುಪಾಲು ಆರಿಹೋಗುತ್ತದೆ. ಕಲ್ಲು ನೆಲದಲ್ಲಿ ಕಲ್ಲು ನೀರು ಹೀರುವುದಿಲ್ಲ. ಹಾಗಾಗಿ ಅದೇ ಹತ್ತು ಮಿಲಿಮೀಟರ್ ನೀರು ಕಲ್ಲಿನ ಸಂದಿಯ ಮಣ್ಣನ್ನೆಲ್ಲ ನೆನೆಸುತ್ತ ಅರ್ಧ ಅಡಿಯವರೆಗೆ ಇಳಿಯುತ್ತದೆ. ಅಷ್ಟು ಆಳಕ್ಕೆ ಇಳಿದ ತೇವವನ್ನು ಬಿಸಿಲು ಬೇಗ ಎಳೆಯಲಾರದು. ಅಲ್ಲಿ ಹುಲ್ಲಿನ ಬೇರು ಕಾದಿರುತ್ತದೆ. ಮುಂಗಾರಿನ ಮೊದಲ ಹನಿಗೆ ಎರೆ ಹೊಲ ಇನ್ನೂ ಬರಿದಾಗಿರುವಾಗ ಮೊರಡಿಯ ಮೇಲೆ ಹಸಿರು ಆಡುವುದನ್ನು ಕುರಿ ಕಾಯುವವರೆಲ್ಲ ಬಲ್ಲರು. ಇಸ್ರೇಲಿನ ಪರಿಸರ ವಿಜ್ಞಾನಿ ಇಮ್ಯಾನುಯೆಲ್ ನೋಯ್ ಮೇಯರ್ 1973ರಲ್ಲಿ ಇದನ್ನೇ ವಿಜ್ಞಾನದ ಮಾತಿನಲ್ಲಿ ಬರೆದರು. ಮಳೆ ಕಡಿಮೆಯಿರುವ ಕಡೆ ಜಿಗುಟು ಮಣ್ಣಿಗಿಂತ ಮರಳು ಮಣ್ಣು, ಕಲ್ಲು ಮಣ್ಣು ಬಹುವರ್ಷದ ಸಸ್ಯಗಳಿಗೆ ಹೆಚ್ಚು ಅನುಕೂಲ ಎಂದರು. ನಮ್ಮಲ್ಲಿ ಮಳೆ ಕೈಕೊಟ್ಟ ವರ್ಷಗಳಲ್ಲಿ ಈ ಮಾತು ಹೊಂದುತ್ತದೆ.

ಒಂದೇ ಕಲ್ಲು, ಎರಡು ಪರಿಣಾಮ. ವಾರ್ಷಿಕ ಬೆಳೆಗೆ ಅದು ಕೊರತೆ. ಬೇರು ಬಿಟ್ಟು ಕೂತಿರುವ ಹುಲ್ಲಿಗೆ, ಕುರುಚಲಿಗೆ ಅದೇ ಆಸರೆ. ನೆಲದ ಯೋಗ್ಯತೆಯನ್ನು ನೇಗಿಲಿನಿಂದ ಮಾತ್ರ ಅಳೆದರೆ ಈ ಎರಡನೆಯ ಪರಿಣಾಮ ಕಾಣುವುದೇ ಇಲ್ಲ.

ನೀರಿನ ಮಾತು ಇನ್ನೂ ಸ್ವಲ್ಪ ಉಳಿದಿದೆ. ಮೇಲೆ ಬಿಡಿಯಾಗಿ ಬಿದ್ದಿರುವ ಕಲ್ಲಿಗೂ ಮಣ್ಣಿನಲ್ಲಿ ಹೂತುಕೊಂಡ ಕಲ್ಲಿಗೂ ವ್ಯತ್ಯಾಸವಿದೆ. ನಮ್ಮ ಕೆಂಪು ಮಣ್ಣಿಗೆ ಒಂದು ಗುಣ. ಜೋರು ಮಳೆ ಹೊಡೆದು ಬಿಸಿಲು ಬಿದ್ದರೆ ಮೇಲೆ ಹೆಪ್ಪುಗಟ್ಟಿ ಬಿಗಿಯುತ್ತದೆ. ಬಿಡಿ ಕಲ್ಲುಗಳು ಹನಿಯ ಹೊಡೆತವನ್ನು ತಾವು ತಾಳಿಕೊಂಡು ಕೆಳಗಿನ ಮಣ್ಣನ್ನು ಸಡಿಲವಾಗಿ ಇಡುತ್ತವೆ. ಅಂಥ ಒಂದು ಕಲ್ಲನ್ನು ಬೇಸಿಗೆಯ ಬೆಳಿಗ್ಗೆ ಎತ್ತಿ ನೋಡಿ. ಅಡಿಯ ಮಣ್ಣು ಸುತ್ತಲಿನದಕ್ಕಿಂತ ತಂಪಾಗಿ, ಮೆತ್ತಗೆ ಇರುತ್ತದೆ. ಚೀನಾದ ಗಾನ್ಸು ಪ್ರಾಂತ್ಯದ ಒಣ ಸೀಮೆಯಲ್ಲಿ ರೈತರು ಹೊಲದ ಮೇಲೆ ಬೇಕೆಂದೇ ನಾಲ್ಕು ಬೆರಳು ದಪ್ಪಕ್ಕೆ ಗರಸು ಮರಳು ಹರಡಿ ಕಲ್ಲಂಗಡಿ ಬೆಳೆಯುತ್ತಾರೆ. ತಲೆಮಾರುಗಳಿಂದ ನಡೆದು ಬಂದ ರೂಢಿ ಅದು. ಅದೇ ಕಲ್ಲು ಹೆಪ್ಪುಗಟ್ಟಿದ ಮಣ್ಣಿನಲ್ಲಿ ಹೂತುಹೋದರೆ ಪರಿಣಾಮ ಉಲ್ಟಾ. ನೀರು ಇಳಿಯಲು ಜಾಗವಿಲ್ಲದೆ ಹರಿದು ಹೋಗುತ್ತದೆ. ದಿನವೂ ಮಂದೆ ಒಂದೇ ಜಾಡಿನಲ್ಲಿ ನಡೆದಲ್ಲಿ, ಗಾಡಿ ಓಡಾಡಿದಲ್ಲಿ ಹೀಗಾಗುತ್ತದೆ. ಕೊರಕಲು ಹುಟ್ಟುವುದು ಅಂಥ ಜಾಡುಗಳಿಂದಲೇ.

ಆದ್ದರಿಂದ ಹೊಲದ ಕಲ್ಲು ಆರಿಸುವಾಗ ಕುಳಕ್ಕೆ ತಗುಲುವ ದೊಡ್ಡ ಕಲ್ಲು ಮಾತ್ರ ಆರಿಸಿ. ಅದನ್ನು ಇಳಿಜಾರಿಗೆ ಅಡ್ಡಲಾಗಿ ಕಲ್ಲುಬದುವಾಗಿ ಒಟ್ಟಿರಿ. ಸಣ್ಣ ಗರಸನ್ನು ಇದ್ದಲ್ಲೇ ಬಿಡಿ. ಹೊಲವನ್ನು ಗುಡಿಸಿದಂತೆ ಚೊಕ್ಕಟ ಮಾಡಿದರೆ ಮೊದಲ ದೊಡ್ಡ ಮಳೆಗೇ ಮಣ್ಣು ಹಳ್ಳ ಸೇರುತ್ತದೆ.

ಹುಟ್ಟು, ಅಳತೆ, ನೀರು, ಮೂರೂ ಆದವು. ಇನ್ನು ವರ್ಗೀಕರಣ. ಮಣ್ಣನ್ನು ತರ ಮಾಡುವುದು ನಮಗೆ ಹೊಸದಲ್ಲ. 1800ರಲ್ಲಿ ಬಳ್ಳಾರಿ ಸೀಮೆ ನಿಜಾಮರಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. 1807ರವರೆಗೆ ಇಲ್ಲಿ ಮುಖ್ಯ ಕಲೆಕ್ಟರಾಗಿದ್ದವರು ಥಾಮಸ್ ಮನ್ರೋ. ಅವರು ಹೊಲ ಹೊಲ ಅಳೆಸಿ, ಮಣ್ಣಿನ ತರ ನೋಡಿ ಕಂದಾಯ ಕಟ್ಟಿಸಿದರು. ಆ ವಿಂಗಡಣೆಯ ಉದ್ದೇಶ ಒಂದೇ. ಈ ಹೊಲದಿಂದ ಸರಕಾರಕ್ಕೆ ಎಷ್ಟು ಬಂದೀತು? ಕಂದಾಯ ಹುಟ್ಟದ ಕಲ್ಲು ನೆಲಕ್ಕೆ ಅಲ್ಲಿ ಹೆಚ್ಚು ಮಾತಿರಲಿಲ್ಲ. ನಮ್ಮ ಕಾಲದಲ್ಲೂ ಕೇಂದ್ರ ಸರಕಾರ ಪ್ರಕಟಿಸುವ ಬಂಜರು ಭೂಮಿ ನಕಾಶೆಯಲ್ಲಿ ಕಲ್ಲು ಬಂಡೆಯ ಬಂಜರು, ಕುರುಚಲು ಬಂಜರು ಎಂಬ ವಿಭಾಗಗಳಿವೆ. ಮೊರಡಿಗಳೆಲ್ಲ ಅದರೊಳಗೆ ಸೇರಿಬಿಡುತ್ತವೆ.

ಮಣ್ಣುವಿಜ್ಞಾನದ ವಿಂಗಡಣೆ ಬೇರೆ ಪ್ರಶ್ನೆ ಕೇಳುತ್ತದೆ. ಮಣ್ಣಿನೊಳಗೆ ಏನೇನಿದೆ, ಎಷ್ಟು ಆಳಕ್ಕಿದೆ, ಎಷ್ಟು ಕಾಲ ಒದ್ದೆಯಿರುತ್ತದೆ ಎಂಬುದೇ ಅದಕ್ಕೆ ಆಧಾರ. ನಮ್ಮ ದೇಶದಲ್ಲಿ ಈ ಕೆಲಸ ಮಾಡುವುದು ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂ ಬಳಕೆ ಯೋಜನಾ ಸಂಸ್ಥೆ. ಮುಖ್ಯ ಕಚೇರಿ ನಾಗಪುರದಲ್ಲಿ. ಪ್ರಾದೇಶಿಕ ಕೇಂದ್ರ ಬೆಂಗಳೂರಿನ ಹೆಬ್ಬಾಳದಲ್ಲಿ. ಅಮೆರಿಕದಲ್ಲಿ 1975ರಲ್ಲಿ ಪುಸ್ತಕವಾಗಿ ಬಂದ ಪದ್ಧತಿಯನ್ನು ಇವರು ಬಳಸುತ್ತಾರೆ. ಅದರಲ್ಲಿ ಈಗ ಜಗತ್ತಿನ ಮಣ್ಣನ್ನೆಲ್ಲ 12 ಗಣಗಳಿಗೆ ಹಂಚಿದ್ದಾರೆ. ಗಣದ ಕೆಳಗೆ ಉಪಗಣ, ಹೀಗೆ ಆರು ಮೆಟ್ಟಿಲು ಇಳಿದರೆ ಕೊನೆಗೆ ಸಿಗುವುದು ಶ್ರೇಣಿ. ಶ್ರೇಣಿಗೆ ಸಾಮಾನ್ಯವಾಗಿ ಆ ಮಣ್ಣನ್ನು ಮೊದಲು ಗುರುತಿಸಿದ ಊರಿನ ಹೆಸರನ್ನೇ ಇಡುತ್ತಾರೆ.

ಆರು ಮೆಟ್ಟಿಲುಗಳನ್ನೂ ಇಲ್ಲಿ ಇಳಿಯುವುದು ಬೇಡ. ನಮ್ಮ ಗುಡ್ಡದ ಸರಪಳಿಗೆ ಬೇಕಾದ ನಾಲ್ಕು ಹೆಸರು ಸಾಕು. ಬಗಲಿನಲ್ಲಿ, ಪದರ ಪದರವಾಗಿ ಬೆಳೆಯಲು ಇನ್ನೂ ಸಮಯ ಸಿಗದ ತೆಳ್ಳನೆಯ ಕಲ್ಲು ಮಣ್ಣು ಎಂಟಿಸಾಲ್. ಸ್ವಲ್ಪ ಕೆಳಗೆ, ಪದರ ಮೂಡತೊಡಗಿದ ಮಣ್ಣು ಇನ್ಸೆಪ್ಟಿಸಾಲ್. ಇನ್ನೂ ಕೆಳಗೆ, ಮೇಲಿನ ಜೇಡಿ ಇಳಿದು ಕೆಳಪದರದಲ್ಲಿ ಸೇರಿಕೊಂಡ ಒಳ್ಳೆಯ ಮಸಾರಿ ಆಲ್ಫಿಸಾಲ್. ಬೇಸಿಗೆಯಲ್ಲಿ ಬಿರಿಯುವ ಆಳವಾದ ಎರೆ ವರ್ಟಿಸಾಲ್. ಒಂದೇ ಗುಡ್ಡದಿಂದ ಹಳ್ಳದವರೆಗೆ ನಡೆದರೆ ನಾಲ್ಕು ಗಣ ದಾಟಿರುತ್ತೀರಿ.

ಎಂಟಿಸಾಲ್ ಮಣ್ಣಿನಲ್ಲಿ ಮುಂದಿನ ಮುಖ್ಯ ಪ್ರಶ್ನೆ ಒಂದೇ. ಕೆಳಗಿನ ಬಂಡೆ ಎಷ್ಟು ಆಳದಲ್ಲಿದೆ, ಅದು ಎಂಥದ್ದು? ಸುಮಾರು ಒಂದೂಮುಕ್ಕಾಲು ಅಡಿಯೊಳಗೆ, ಅಂದರೆ 50 ಸೆಂಟಿಮೀಟರಿನೊಳಗೆ ಗಟ್ಟಿ ಬಂಡೆ ಸಿಕ್ಕರೆ ಅದನ್ನು ಲಿಥಿಕ್ ಉಪವರ್ಗಕ್ಕೆ ಹಾಕುತ್ತಾರೆ. ಇದನ್ನು ನೀವು ಕಿವಿಯಿಂದಲೇ ಕಂಡುಹಿಡಿಯಬಹುದು. ಗುಂಡಿಯನ್ನು ಕೆಳಗಿನ ಕಲ್ಲು ಸಿಗುವವರೆಗೆ ಆಳ ಮಾಡಿ ತಳಕ್ಕೆ ಹಾರೆ ಹಾಕಿ. ಠಣ್ ಎಂದು ಮಾರ್ದನಿ ಕೊಟ್ಟು, ಹಾರೆ ಕೈಯಲ್ಲಿ ಅದುರಿದರೆ ಅದು ಗಟ್ಟಿ ಬಂಡೆ. ದಬ್ ಎಂದು ಸದ್ದು ನುಂಗಿ ಹಾರೆ ಒಂದಿಷ್ಟು ಇಳಿದರೆ ಅದು ಕೊಳೆತ ಕಲ್ಲು, ನಾವು ಮೊರಂ ಅನ್ನುವುದು. ಹಿಡಿಯಲ್ಲಿ ಹಿಚುಕಿದರೆ ಪುಡಿಯಾಗುತ್ತದೆ. ಮೇಲ್ನೋಟಕ್ಕೆ ಎರಡೂ ಒಂದೇ ಕಲ್ಲು ನೆಲ. ಆದರೆ ಮೊರಂ ಇರುವಲ್ಲಿ ಹುಣಸೆ, ಬೇವು, ಸೀತಾಫಲ ಬೇರನ್ನು ಒಳಗೆ ಇಳಿಸಿ ಬೇಸಿಗೆಯ ತೇವ ಹುಡುಕಿಕೊಳ್ಳುತ್ತವೆ. ಕೂಡ್ಲಿಗಿಯ ಕಡೆ ಬದುಗಳಲ್ಲಿ ಹುಣಸೆ ಮರಗಳು ದೊಡ್ಡದಾಗಿ ಬೆಳೆದಿವೆ. ಅವುಗಳ ಬುಡದಲ್ಲಿ ಏನಿದೆ ಎಂದು ಹಾರೆ ಹಾಕಿ ಕೇಳಿ ನೋಡಬೇಕು. ಠಣ್ ಎನ್ನುವ ಜಾಗದಲ್ಲಿ ಸಸಿ ನೆಟ್ಟರೆ, ಬಂಡೆಯಲ್ಲಿ ಬಿರುಕು ಸಿಕ್ಕರೆ ಉಳಿದೀತು, ಇಲ್ಲದಿದ್ದರೆ ಮೂರನೆಯ ಬೇಸಿಗೆಗೆ ಹೋಗುತ್ತದೆ. ಅಲ್ಲಿ ಹುಲ್ಲೇ ಸರಿ.

ಇನ್ನೊಂದು ವಿಂಗಡಣೆ ಇದೆ. ಅದು ಬಳಕೆಗೆ ಸಂಬಂಧಿಸಿದ್ದು. ಭೂಮಿಯನ್ನು ಅದರ ಸಾಮರ್ಥ್ಯ ನೋಡಿ 8 ದರ್ಜೆಗೆ ಹಂಚುತ್ತಾರೆ. ಮೊದಲ ನಾಲ್ಕು ಉಳುಮೆಗೆ. ಐದರಿಂದ ಏಳು ಹುಲ್ಲು, ಮೇವು, ಮರಗಳಿಗೆ. ಎಂಟನೆಯದು ಬರೀ ಬಂಡೆ, ಕಾಡುಪ್ರಾಣಿಗಳಿಗೆ, ನೀರು ಹಿಡಿಯುವುದಕ್ಕೆ. ನಮ್ಮ ಕಲ್ಲು ನೆಲ ಹೆಚ್ಚಾಗಿ ಆರು ಏಳನೇ ದರ್ಜೆಗೆ ಬರುತ್ತದೆ. ಗುಡೇಕೋಟೆಯ ನೆತ್ತಿಯ ಬಂಡೆಗಳು ಎಂಟನೆಯವು. ಅಲ್ಲಿ 2013ರಲ್ಲಿ ಕರಡಿ ಧಾಮ ಘೋಷಣೆಯಾಯಿತು. ಬಂಡೆಯ ಪೊಟರೆ ಕರಡಿಗೆ ಮನೆ. ಬಗಲಿನ ಕಾರೆ, ಕವಳೆ, ಬಾರಿ ಹಣ್ಣು ಅದಕ್ಕೆ ಊಟ. ಗೆದ್ದಲು ಅದಕ್ಕೆ ಬಲು ಇಷ್ಟ. ಆ ಗೆದ್ದಲಿಗೂ ಈ ಮಣ್ಣಿಗೂ ನಂಟಿದೆ. ಗೆದ್ದಲು ಕಲ್ಲಿನ ಸಂದಿಯಿಂದ ನುಣ್ಣನೆಯ ಮಣ್ಣನ್ನು ಮೇಲೆ ಹೊತ್ತು ಹುತ್ತ ಕಟ್ಟುತ್ತದೆ. ಹುತ್ತ ಕರಗಿದಾಗ ಆ ಮಣ್ಣು ಕಲ್ಲಿನ ಮೇಲೆ ಹರಡಿಕೊಳ್ಳುತ್ತದೆ. ಎಷ್ಟೋ ಕಡೆ ಗೇಣು ಆಳದ ಮೆತ್ತನೆ ಮಣ್ಣು, ಅದರ ಕೆಳಗೆ ಸಾಲಾಗಿ ಕಲ್ಲು ಸಿಗುವುದಕ್ಕೆ ಈ ಹುಳುಗಳ ದುಡಿಮೆಯೂ ಒಂದು ಕಾರಣ.

ದರ್ಜೆ ಆರು, ಏಳು ಎಂದರೆ ಕೀಳು ಎಂದು ದಯವಿಟ್ಟು ತಿಳಿಯಬೇಡಿ. ಬಳ್ಳಾರಿ ತಳಿಯ ಕುರಿ ರೂಪುಗೊಂಡದ್ದು ಇಂಥ ನೆಲದ ಮೇವಿನ ಮೇಲೆ. ಅದರ ಒರಟು ಉಣ್ಣೆಯಿಂದ ಕಂಬಳಿ ನೇಯುತ್ತಾರೆ. ಮೈಲಾರ ಜಾತ್ರೆಗೆ ಹೆಗಲ ಮೇಲೆ ಕಂಬಳಿ ಹೊತ್ತು ಬರುವ ಕುರುಬರ ಬದುಕು ಈ ಹುಲ್ಲಿನ ಮೇಲೆ ನಿಂತಿದೆ. ಮ್ಯಾಸ ನಾಯಕರು ಸಾಕುವ ದೇವರ ಎತ್ತುಗಳು ಮೇಯುವುದೂ ಇಲ್ಲೇ. ಅವನ್ನು ಕಾಯುವ ಕಿಲಾರಿಗಳಿಗೆ ಯಾವ ದಿಣ್ಣೆಯಲ್ಲಿ ಯಾವ ತಿಂಗಳು ಹುಲ್ಲು ಎಂಬುದು ಬಾಯಿಪಾಠ. ಇನ್ನೊಂದು ಮಾತು. ಕುರಿ ಹಗಲೆಲ್ಲ ಗುಡ್ಡದಲ್ಲಿ ಮೇಯುತ್ತದೆ. ರಾತ್ರಿ ರೈತರ ಹೊಲದಲ್ಲಿ ಮಂದೆ ತರುಬುತ್ತಾರೆ. ಹಿಕ್ಕೆ, ಗಂಜಲ ಹೊಲಕ್ಕೆ ಬೀಳುತ್ತದೆ. ಅಂದರೆ ಖರಾಬು ಎಂದು ಬರೆದ ನೆಲದ ಸಾರ ಪ್ರತಿ ರಾತ್ರಿ ನಿಮ್ಮ ಮಸಾರಿ ಹೊಲಕ್ಕೆ ಬಂದು ಸೇರುತ್ತಿದೆ. ನಮ್ಮ ಕೆಂಪು ಮಣ್ಣಿನಲ್ಲಿ ಸಾವಯವ ಅಂಶ ಬಹಳ ಕಡಿಮೆ. 2009ರಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ರಾಜ್ಯದ ಹೊಲಗಳನ್ನು ಪರೀಕ್ಷಿಸಿದಾಗ ಸತು, ಗಂಧಕ, ಬೋರಾನ್ ಕೊರತೆಯೂ ವ್ಯಾಪಕವಾಗಿ ಕಂಡಿತು. ಅಂಥ ಮಣ್ಣಿಗೆ ಮಂದೆಯ ಗೊಬ್ಬರ ದೊಡ್ಡ ಆಸರೆ.

ಈಗ ಜೆಸಿಬಿ ತಂದು ಬಗಲಿನ ಕಲ್ಲು ನೆಲವನ್ನು ಸಮ ಮಾಡಿಸಿ ಮೆಕ್ಕೆಜೋಳ ಬಿತ್ತುವುದು ಹೆಚ್ಚಾಗಿದೆ. ಬಿತ್ತುವವರ ಕಷ್ಟ ನನಗೆ ಅರ್ಥವಾಗುತ್ತದೆ. ತುಂಡು ಭೂಮಿಯಲ್ಲಿ ಬದುಕುವವರಿಗೆ ಇನ್ನೊಂದು ಎಕರೆ ದೊಡ್ಡ ಆಸೆ. ಆದರೆ ಲೆಕ್ಕ ಮೊದಲೇ ಹೇಳಿದ್ದೇನೆ. ಒಂದಡಿ ಮಣ್ಣು, 40 ಪಾಲು ಕಲ್ಲು, 18 ಮಿಲಿಮೀಟರ್ ತೇವ. ಹುಲ್ಲಿನ ಬೇರು ಕಿತ್ತ ಮೇಲೆ ಇಳಿಜಾರಿನ ಆ ಒಂದಡಿಯೂ ನಿಲ್ಲುವುದಿಲ್ಲ. ಕೆಲವೇ ವರ್ಷಕ್ಕೆ ಬಂಡೆ ಮೇಲೆ ಬರುತ್ತದೆ. ಆಗ ಬೆಳೆಯೂ ಇಲ್ಲ, ಮೇವೂ ಇಲ್ಲ, ಕೆಳಗಿನ ಕೆರೆಯಲ್ಲಿ ಹೂಳು. ಅಂಥ ನೆಲದಲ್ಲಿ ದುಡಿಮೆ ಹಾಕಲೇಬೇಕೆಂದಿದ್ದರೆ ಕಲ್ಲುಬದು ಹಾಕಿ, ಮೊರಂ ಸಿಕ್ಕಲ್ಲಿ ಹುಣಸೆ ಸೀತಾಫಲ ನೆಟ್ಟು, ನಡುವೆ ಹುಲ್ಲು ಬಿಡಿ. ಮುಂಗಾರಿನ ಮೊದಲ ತಿಂಗಳು ಮಂದೆಯನ್ನು ಅಲ್ಲಿಗೆ ಬಿಡದೆ ಹುಲ್ಲಿಗೆ ಬಿಡುವು ಕೊಡಿ. ಊರವರು ಕೂತು ಗುಡ್ಡವನ್ನು ಎರಡು ಮೂರು ಪಾಲು ಮಾಡಿ ವರ್ಷಕ್ಕೊಂದು ಪಾಲಿಗೆ ಹೀಗೆ ಬಿಡುವು ಕೊಟ್ಟರೆ ಕುರಿಯವರಿಗೂ ತೊಂದರೆಯಿಲ್ಲ.

ಪ್ರಪಂಚದ ಭೂಭಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥ ಮೇಯುವ ನೆಲವೇ ಆಗಿದೆ. ವಿಶ್ವಸಂಸ್ಥೆ 2026ನೇ ಇಸವಿಯನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದು ಘೋಷಿಸಿದೆ. ನಮ್ಮ ರಾಜ್ಯದಲ್ಲಿ ಸುಜಲಾ ಯೋಜನೆಯ ಮೂರನೇ ಹಂತದಲ್ಲಿ 11 ಜಿಲ್ಲೆಗಳಲ್ಲಿ ಭೂ ಸಂಪನ್ಮೂಲ ಸಮೀಕ್ಷೆ ನಡೆಯಿತು. ಆಗ ಹರಪನಹಳ್ಳಿ ಸೇರಿದ್ದ ದಾವಣಗೆರೆ ಜಿಲ್ಲೆಯೂ ಅದರಲ್ಲಿ ಒಂದು. ಆ ಸಮೀಕ್ಷೆಯಲ್ಲಿ ಸರ್ವೆ ನಂಬರಿನ ನಕಾಶೆಯ ಮೇಲೆಯೇ ಮಣ್ಣಿನ ಆಳ, ಗರಸಿನ ಪ್ರಮಾಣ, ಇಳಿಜಾರು, ಯೋಗ್ಯ ಬೆಳೆ ಗುರುತಿಸುತ್ತಾರೆ. ನಿಮ್ಮೂರಿನ ಕಿರು ಜಲಾನಯನಕ್ಕೆ ಅಂಥ ನಕಾಶೆ ಆಗಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಗ್ರಾಮ ಪಂಚಾಯಿತಿಯವರು ಗೋಮಾಳದ ಯೋಜನೆ ಮಾಡುವಾಗ ಅದನ್ನು ಮುಂದಿಟ್ಟುಕೊಳ್ಳಲಿ.

ನಕಾಶೆ ಇಲ್ಲದಿದ್ದರೆ ಬಕೆಟ್ಟು, ಜರಡಿ, ಹಾರೆ ಸಾಕು. ಕೃತ್ತಿಕೆ ಮಳೆ ಬಿದ್ದು ನೆಲ ಹದವಾದಾಗ ತೋಡುವುದು ಸುಲಭ. ನೆತ್ತಿಯ ಹತ್ತಿರ ಒಂದು, ಬಗಲಲ್ಲಿ ಒಂದು, ಮಸಾರಿ ಶುರುವಾಗುವಲ್ಲಿ ಒಂದು ಗುಂಡಿ ತೋಡಿ. ಕಲ್ಲಿನ ಪಾಲು, ಬಂಡೆಯ ಆಳ, ಹಾರೆಯ ಸದ್ದು, ಈ ಮೂರನ್ನು ಪುಸ್ತಕದಲ್ಲಿ ಬರೆದಿಡಿ. ಕೆಲಸ ಮುಗಿದ ಮೇಲೆ ಗುಂಡಿ ಮುಚ್ಚುವುದನ್ನು ಮರೆಯಬೇಡಿ. ಸಂಜೆ ಮಂದೆ ಇಳಿಯುವಾಗ ಮರಿಗಳ ಕಾಲು ಸಿಕ್ಕಿಕೊಳ್ಳುತ್ತದೆ.